ನಡೆಯದೇ ಇದ್ದ ತಪಾಸಣೆ, ಹಾಕದೇ ಉಳಿದ ಸಹಿ

ಮಾನ್ಯ ಪೊಲೀಸ್ ಮುಖ್ಯಸ್ಥರೇ,

ಕಳೆದ ಮಾರ್ಚ್ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಅಧಿಕಾರಿಯೊಬ್ಬರು ನನ್ನ ಕಾರನ್ನು ತಡೆದು, ಒಂದೂಕಾಲು ಗಂಟೆ ನಿಲ್ಲಿಸಿ, ನನ್ನ ಮಗಳ ಬಾಣಂತಿ ಮದ್ದನ್ನು ರಸೀದಿಯಿಲ್ಲದೆ ಎತ್ತಿಕೊಂಡು ಹೋದರು. ಇದನ್ನು ನಿಮಗೆ ಇಂಗ್ಲಿಷಿನಲ್ಲಿ ಎರಡು ಸಲ ಬರೆದೆ. ಅರ್ಥವಾದಂತೆ ಕಾಣಲಿಲ್ಲ. ಆದ್ದರಿಂದ ಈಗ ಕನ್ನಡ ಕೂಟದ ಪತ್ರಿಕೆಯಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇದೂ ಅರ್ಥವಾಗದಿದ್ದರೆ ತಿಳಿಸಿ, ನನ್ನ ಹೆಂಡತಿಗೆ ತುಳು ಚೆನ್ನಾಗಿ ಬರುತ್ತದೆ.

ನಾನು ಉಡುಪಿಯವನು. ವಯಸ್ಸು ಅರವತ್ತಮೂರು. ನೆವಾಡ ರಾಜ್ಯದ ರೀನೋದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಫಾರ್ಮಸಿಸ್ಟ್. ಕಾರಿಗೆ ಅಲ್ಲಿಯದೇ ನಂಬರ್ ಪ್ಲೇಟು. ನನ್ನ ಅಪರಾಧ ಅದೇ ಎಂದು ಆಮೇಲೆ ತಿಳಿಯಿತು. ಮಗಳು ಅಪೇಕ್ಷಾ ನಿಮ್ಮದೇ ಕ್ಯಾಲಿಫೋರ್ನಿಯಾದ ನೆವಾರ್ಕಿನಲ್ಲಿ ಹೆತ್ತು ಆಗ ಒಂಬತ್ತು ದಿನ. ಅವಳಿಗಾಗಿ ಹೆಂಡತಿ ಸುಗುಣಾ ಎರಡು ವಾರ ಒಲೆಯ ಮುಂದೆ ನಿಂತು ಶುಂಠಿ, ಹಿಪ್ಪಲಿ, ಓಮ, ಜೀರಿಗೆ ಹುರಿದು, ಪುಡಿ ಮಾಡಿ, ಹನ್ನೊಂದು ಚೀಲಗಳಲ್ಲಿ ತುಂಬಿದ್ದಳು. ಅದನ್ನು ಮಗಳಿಗೆ ಕೊಡಲು ಹೊರಟು, ಎಮರಿವಿಲ್ ದಾಟಿದ ಮೇಲೆ ಕಾರಿಗೆ ಪೆಟ್ರೋಲ್ ಹಾಕಿಸಲು ಫ್ರೀವೇ ಇಳಿದೆವು. ಇಳಿದದ್ದು ನಿಮ್ಮ ಊರಿನಲ್ಲಿ.

ನಾನು ಸಿಗ್ನಲ್ ಹಾಕದೆ ಲೇನ್ ಬದಲಿಸಿದೆನಂತೆ. ಆ ರಸ್ತೆಗೆ ಇರುವುದೇ ಒಂದು ಲೇನು. ಬದಲಿಸಿ ನಾನು ಹೋಗಬೇಕಿದ್ದದ್ದು ಚರಂಡಿಗೆ. ಅಧಿಕಾರಿ ಕೇಳಿದ ಎರಡನೆಯ ಪ್ರಶ್ನೆ, "ನೆವಾಡದವರಿಗೆ ಇಲ್ಲೇನು ಕೆಲಸ?" ಒಂದೇ ದೇಶದ ಎರಡು ರಾಜ್ಯಗಳ ನಡುವೆ ವೀಸಾ ಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಕಾರಿನಿಂದ ಗಾಂಜಾ ವಾಸನೆ ಬರುತ್ತಿದೆ ಎಂದರು, ಡಿಕ್ಕಿ ತೆಗೆಸಿದರು, ಒಂದು ಚೀಲ ಬಿಚ್ಚಿ ಮೂಗಿನ ಹತ್ತಿರ ಹಿಡಿದು ಮೂರು ಸಲ ಸೀನಿದರು. ಶುಂಠಿಗೂ ಗಾಂಜಾಕ್ಕೂ ವ್ಯತ್ಯಾಸ ತಿಳಿಯದ ಮೂಗನ್ನು ನಂಬಿ ಇಲಾಖೆ ನಡೆಸುವ ನಿಮ್ಮ ಧೈರ್ಯವನ್ನು ಮೆಚ್ಚಬೇಕು.

ಬಳಿಕ ಅವರು ಎದೆಯ ಮೇಲಿನ ಕ್ಯಾಮೆರಾ ಮುಟ್ಟಿದರು; ಅದರ ಕೆಂಪು ದೀಪ ಆರಿತು. ಕಾರಿನ ಬಾನೆಟ್ಟಿನ ಮೇಲೆ ಒಂದು ಫಾರಮ್ಮು ಇಟ್ಟು ನಮ್ಮ ಕಾರಿನ ನಂಬರು, ವೇಳೆ, ತಮ್ಮ ಬ್ಯಾಡ್ಜ್ ಸಂಖ್ಯೆ ತುಂಬಿದರು. "ಇಲ್ಲಿ ಸಹಿ ಹಾಕಿ ಹೊರಡಿ. ಇಲ್ಲವಾದರೆ ಕಾರು ಟೋ ಆಗುತ್ತೆ, ನೀವು ಸ್ಟೇಷನ್ನಿಗೆ ಬರಬೇಕಾಗುತ್ತೆ."

ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ನಾನು ಪೆನ್ನು ತೆಗೆದಿದ್ದೆ.

"ಎಂತ ಬರ್ದಿದೆ ಅದ್ರಲ್ಲಿ?" ಎಂದು ಸುಗುಣಾ ಕೇಳಿದಳು.

"ಈ ವಸ್ತುಗಳು ನಮ್ಮದಲ್ಲ, ನಮಗೆ ಇವುಗಳ ಮೇಲೆ ಹಕ್ಕಿಲ್ಲ ಅಂತ."

"ನಮ್ಮದಲ್ವಾ? ಹಾಗಾದ್ರೆ ಎರಡು ವಾರ ಹುರ್ದದ್ದು ಯಾರು, ಇವನ ಅಜ್ಜಿಯಾ?"

"ಸುಗುಣಾ, ಮಗಳು ಕಾಯ್ತಾ ಇದ್ದಾಳೆ."

"ಕಾಯ್ಲಿ. ಸುಳ್ಳಿಗೆ ನಾನು ಸಹಿ ಹಾಕುದಿಲ್ಲ. ನೀವೂ ಹಾಕ್ಬೇಡಿ." ಅನಂತರ ಅಧಿಕಾರಿಯ ಕಡೆ ತಿರುಗಿ, "ನೋ ಸೈನ್" ಎಂದು ಹೇಳಿ, ಫಾರಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕುಳಿತಳು.

ಅವರು ಗದರಿದರು, ಕಾದರು, ಮತ್ತೆ ಗದರಿದರು. ಅವಳು ಪೆನ್ನು ಮುಟ್ಟಲಿಲ್ಲ. ಕೊನೆಗೆ ರೇಡಿಯೋದಲ್ಲಿ ಯಾರೋ ಕರೆದರು. ಅಧಿಕಾರಿ ಹನ್ನೊಂದೂ ಚೀಲಗಳನ್ನು ತಮ್ಮ ಗಾಡಿಗೆ ತುಂಬಿಕೊಂಡು ಹೊರಟೇಹೋದರು. ಫಾರಮ್ಮು ಮರೆತರು. ಸುಗುಣಾ ಅದನ್ನು ನಾಲ್ಕಾಗಿ ಮಡಚಿ ಕೈಚೀಲದೊಳಗಿಟ್ಟಳು. ನೆವಾರ್ಕ್ ತಲುಪಿ ಮೊಮ್ಮಗಳನ್ನು ಎತ್ತಿಕೊಂಡ ಮೇಲೆಯೇ ಅವಳು ಅತ್ತದ್ದು.

ನನ್ನ ಮೊದಲ ಪತ್ರಕ್ಕೆ ನಿಮ್ಮ ಕಚೇರಿಯ ಉತ್ತರ: ಆ ದಿನ ಆ ಸ್ಥಳದಲ್ಲಿ ಯಾವುದೇ ವಾಹನ ತಪಾಸಣೆ ನಡೆದಿಲ್ಲ. ಹಾಗಾದರೆ ನಾವು ರಸ್ತೆ ಬದಿಯಲ್ಲಿ ಒಂದೂಕಾಲು ಗಂಟೆ ಧ್ಯಾನ ಮಾಡಿದೆವೇ? ನಾಲ್ಕು ಗಂಟೆ ಕಾರು ಓಡಿಸಿ ನಿಮ್ಮ ಕಚೇರಿಗೇ ಬಂದೆ. ಕಿಟಕಿಯಲ್ಲಿದ್ದ ಮಹಿಳೆ ಆ ಫಾರಮ್ಮನ್ನು ನೋಡಿ, ಅಕ್ಕಪಕ್ಕ ನೋಡಿ, ತಗ್ಗಿದ ದನಿಯಲ್ಲಿ, "ನೀವು ವಾಪಸ್ ಬಂದೇಬಿಟ್ರಲ್ಲ. ಹೊರರಾಜ್ಯದವರು ಸಾಮಾನ್ಯವಾಗಿ ಬರಲ್ಲ" ಎಂದರು. ಇಡೀ ವ್ಯವಹಾರ ನಿಂತಿರುವುದು ಆ ಒಂದು ಮಾತಿನ ಮೇಲೆಯೇ ಅಲ್ಲವೇ? ಸ್ಥಳೀಯನನ್ನು ತಡೆದರೆ ಅವನು ಮರುದಿನ ನಿಮ್ಮ ಬಾಗಿಲಲ್ಲಿರುತ್ತಾನೆ. ನೆವಾಡದವನು, ಆರೆಗನ್ನಿನವನು ಬೈದುಕೊಳ್ಳುತ್ತಾ ಮನೆ ಸೇರುತ್ತಾನೆ. ಫಾರಮ್ಮಿನ ಪ್ರತಿಯೊಡನೆ ಬರೆದ ಎರಡನೆಯ ಪತ್ರಕ್ಕೆ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂತು. ಏಳು ತಿಂಗಳಾಯಿತು. ಆ ಅಧಿಕಾರಿ ಈಗ ಹೊಸಬರಿಗೆ ತರಬೇತಿ ಕೊಡುತ್ತಾರಂತೆ. ಅನುಭವಸ್ಥರು, ಸರಿಯೇ.

ಮದ್ದು ನಮಗೆ ಬೇಡ. ಸುಗುಣಾ ಮಗಳ ಅಪಾರ್ಟ್‌ಮೆಂಟಿನಲ್ಲೇ ಮತ್ತೆ ಹುರಿದಳು. ನಾನು ಕೇಳುವುದು ಬೇರೆ. ಇಂಥ ಫಾರಮ್ಮುಗಳಿಗೆ ಸಹಿ ಹಾಕಿ ಹೋದ ಹೊರರಾಜ್ಯದವರೆಲ್ಲರ ಕಾಗದಗಳನ್ನು ಹೊರತೆಗೆಯಿರಿ. ಒಬ್ಬೊಬ್ಬರಿಗೂ ಪತ್ರ ಬರೆದು, ಅವರಿಂದ ಏನು ತೆಗೆದುಕೊಂಡಿರಿ, ಅದು ಈಗ ಎಲ್ಲಿದೆ ಎಂದು ತಿಳಿಸಿ. ಅವರು ತಪ್ಪಿತಸ್ಥರಾಗಿದ್ದರಿಂದ ಸಹಿ ಹಾಕಿದವರಲ್ಲ. ಅವರ ಪಕ್ಕದ ಸೀಟಿನಲ್ಲಿ ಸುಗುಣಾ ಇರಲಿಲ್ಲ, ಅಷ್ಟೆ.

ಬರುವ ತಿಂಗಳ ಮೊದಲ ಮಂಗಳವಾರ ನಿಮ್ಮ ನಗರಸಭೆಯಲ್ಲಿ ಸಾರ್ವಜನಿಕರಿಗೆ ತಲಾ ಮೂರು ನಿಮಿಷ ಮಾತಾಡುವ ಅವಕಾಶವಿದೆ. ಹೆಸರು ಕೊಟ್ಟಿದ್ದೇವೆ. ಮಾತಾಡುವುದು ನಾನಲ್ಲ, ಅವಳು. ಮೂವತ್ತೆಂಟು ವರ್ಷ ಸಂಸಾರ ಮಾಡಿದವನಾಗಿ ಹೇಳುತ್ತೇನೆ, ಮೂರು ನಿಮಿಷಕ್ಕೆ ಅವಳು ನಿಲ್ಲಿಸುವುದಿಲ್ಲ.

ಇಂತಿ,
ಕನ್ನಡಿಯಲ್ಲಿ ನಿಮ್ಮ ಗಾಡಿ ಕಂಡರೆ ತಪ್ಪು ಮಾಡದೆಯೂ ಬೆವರುವ,
ರಾಮನಾಥ
ರೀನೋ, ನೆವಾಡ