ಬಿದ್ದ ಹಂದರಕ್ಕೊಂದು ಹೆಸರು

ಗದಗ, ಮಿಗುತಿಂಗಳ ಮೂರನೆಯ ದಿನ, 2201

ಇಂದುಮತಿ ಅಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳಾದ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಮಿಕ್ಕ ದಿನಗಳನ್ನು ಒಟ್ಟು ಹಾಕಿ ಒಂದು ಕುಳ್ಳ ತಿಂಗಳು ಮಾಡಿಕೊಂಡಿದ್ದೇವೆ. ಆ ದಿನಗಳಲ್ಲಿ ಯಾರೂ ಕೆಲಸಕ್ಕೆ ಹೋಗುವುದಿಲ್ಲ, ಎಂದೋ ಬದುಕಿದ್ದ ತಮ್ಮ ಹಿರಿಯರಿಗೆ ಪತ್ರ ಬರೆದು ಕಾಲದಲ್ಲಿ ಹಿಂದಕ್ಕೆ ಕಳಿಸುತ್ತಾರೆ. ಇದು ನಿಮ್ಮ ಕೈ ಸೇರುವ ಹೊತ್ತಿಗೆ ನೀವಿನ್ನೂ ಮೂವತ್ತರ ಆಸುಪಾಸಿನ ಹೆಂಗಸು. ನನಗೋ ಐವತ್ತು ಸಮೀಪಿಸಿದೆ. ಆದರೂ ಅಜ್ಜಿ ಎಂದೇ ಕರೆಯುತ್ತೇನೆ, ನಗು ಬಂದರೆ ನಕ್ಕುಬಿಡಿ. ನಡುನಡುವೆ ನಿಮಗೆ ಗೊತ್ತಿಲ್ಲದ ಮಾತುಗಳು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಕೆಲಸ ನಮ್ಮ ಕಾಲದಲ್ಲಿ ಇಲ್ಲ. ಕಾಯಿಲೆಯವರ ಮೈಯಿಂದ ಚೂರು ತೆಗೆದು, ಮೇಣದಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಗಾಜಿಗೆ ಅಂಟಿಸಿ, ಮಸೂರದಡಿ ಕಾಣುವಂತೆ ಬಣ್ಣ ಕಟ್ಟುತ್ತಿದ್ದರು ಎಂದರೆ ನಮ್ಮ ಮಕ್ಕಳು ಮುಖ ಸಿಂಡರಿಸುತ್ತಾರೆ. ನಮಗೆ ಇಣುಕು ಇದೆ. ತರಕಾರಿ ಗಾಡಿ ಬಂದಂತೆ ಬೆಳಿಗ್ಗೆ ಇಣುಕಿನ ಗಾಡಿಯೂ ಓಣಿಗೆ ಬರುತ್ತದೆ. ಅದರೆದುರು ಸುಮ್ಮನೆ ನಿಂತರೆ ಸಾಕು, ಒಳಗಿನ ಜೀವಕೋಶಗಳನ್ನೆಲ್ಲ ಎಣಿಸಿ ಎಷ್ಟು ಬದುಕಿವೆ, ಎಷ್ಟು ಸತ್ತಿವೆ ಎಂದು ಹೇಳುತ್ತದೆ. ಕೋಶಗಳ ನಡುವೆ ಇರುವುದಕ್ಕೆಲ್ಲ ನಮ್ಮಲ್ಲಿ ಒಂದೇ ಹೆಸರು: ತೆರಪು. ನೀವು ಕೊಲಾಜನ್, ಎಲಾಸ್ಟಿಕ್, ರಿಟಿಕ್ಯುಲಿನ್ ಎಂದು ಎಳೆಗಳನ್ನು ಬಿಡಿಸಿ, ಒಂದಕ್ಕೆ ಕೆಂಪು, ಒಂದಕ್ಕೆ ಕಡುನೀಲಿ, ಒಂದಕ್ಕೆ ಕಪ್ಪು ಕಟ್ಟುತ್ತಿದ್ದಿರಂತೆ. ನಮ್ಮ ಪದಮಂಡಳಿಯವರು ಅವನ್ನೆಲ್ಲ ಒಂದೇ ಗಂಟಿಗೆ ಹಾಕಿ ತೆರಪು ಎಂದು ಬರೆದು ಕೈ ತೊಳೆದುಕೊಂಡರು. ಹೆಸರು ಇಲ್ಲದ ಮೇಲೆ ಅವನ್ನು ಯಾರೂ ಹುಡುಕಿ ನೋಡಲಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಊರಿನಲ್ಲಿ ಹಳೆಯ ವಿದ್ಯೆ ಉಳಿದಿರುವುದು ಒಂದೇ ಕಡೆ, ರೇಲ್ವೆ ಸ್ಟೇಷನ್ನಿನ ಹಿಂದಿನ ಬಣ್ಣದ ಮನೆಯಲ್ಲಿ. ಶಾಲೆಯ ಮಕ್ಕಳನ್ನು ಕರೆತಂದು ತೋರಿಸುವ ಜಾಗ ಅದು. ನನ್ನ ಅವ್ವ ಸಾವಂತ್ರಿ ಅಲ್ಲಿ ಬಣ್ಣ ಕಟ್ಟುತ್ತಿದ್ದಳು. ನಿಮ್ಮಿಂದ ಮಗಳಿಗೆ, ಅವಳಿಂದ ಅವಳ ಮಗಳಿಗೆ ಇಳಿದು ಬಂದ ಕೆಲಸ. ಬಣ್ಣ ಕಟ್ಟುವ ಬೆಳ್ಳಿಯ ನೀರಿನಲ್ಲಿ ಅದ್ದಿ ಅದ್ದಿ ಅವ್ವನ ಬೆರಳ ತುದಿಗಳು ಕಪ್ಪಗಾಗಿರುತ್ತಿದ್ದವು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಬೆರಳುಗಳಲ್ಲೇ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯುವ ಯಂತ್ರ ಮನೆಮನೆಗೂ ಬಂದಿದೆ ಅಜ್ಜಿ, ಆದರೆ ಅದರ ರೊಟ್ಟಿ ಅವ್ವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಷ್ಟು ವರ್ಷವಾದರೂ ಒಲೆಯ ಮುಂದೆ ಕೂತಾಗ ನನಗೆ ಮೊದಲು ನೆನಪಾಗುವುದು ಅವಳ ಮುಖವಲ್ಲ, ಬಿಳಿ ಹಿಟ್ಟಿನ ಮೇಲಿನ ಆ ಕಪ್ಪು ಬೆರಳುಗಳು. ಅವುಗಳನ್ನು ಒಂದು ಸಲ ಹಿಡಿದುಕೊಳ್ಳಬೇಕು ಅನ್ನಿಸುತ್ತದೆ.

ನನ್ನ ಮದುವೆಯ ಮಾತುಕತೆ ನಡೆದಿದ್ದಾಗ ಅವ್ವನ ಪಿತ್ತಜನಕಾಂಗ ಕೆಟ್ಟಿತು. ಬದುಕಿರುವ ಕೋಶ ತೀರಾ ಕಡಿಮೆ ಎಂದು ಗಾಡಿ ಹೇಳಿತು. ಅವ್ವ ಆ ಮಾತಿಗೆ ಬಗ್ಗಲಿಲ್ಲ. ಹಳೆಯ ಡಾಕ್ಟರೊಬ್ಬರನ್ನು ಕಾಡಿ ಬೇಡಿ ತನ್ನದೇ ಒಂದು ಚೂರು ತೆಗೆಸಿಕೊಂಡಳು, ಬಣ್ಣದ ಮನೆಗೆ ಹೋಗಿ ತಾನೇ ಬೆಳ್ಳಿ ಕಟ್ಟಿ ನೋಡಿದಳು. ಸಂಜೆ ಮನೆಗೆ ಬಂದಾಗ ನಾನು ಊಟ ಬಿಟ್ಟು ಬಾಗಿಲಲ್ಲೇ ಕೂತಿದ್ದೆ. ನನ್ನ ತಲೆ ಸವರಿ ಹೇಳಿದಳು:

"ಹಂದರ ಇನ್ನಾ ನಿಂತೈತಿ, ನೀಲಾ. ನೀ ಉಂಡು ಮಲಕೋ."

ಅಷ್ಟೇ. ಮರುದಿನ ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ, ಮಾತೂ ಆಡಲಿಲ್ಲ. ಹಂದರ ಎಂದರೆ ನಮಗೆ ಗೊತ್ತಿದ್ದದ್ದು ಮದುವೆಯ ಹಂದರ. ಪಾಪ, ಬುದ್ಧಿ ಭ್ರಮಿಸಿ ಮಗಳ ಮದುವೆ ಮುಗಿಯಿತು ಅಂದುಕೊಂಡಿದ್ದಾಳೆ ಎಂದು ಚಿಕ್ಕವ್ವಂದಿರು ಕಣ್ಣೊರೆಸಿಕೊಂಡರು. ನಾನೂ ಹಾಗೇ ನಂಬಿದೆ. ನಂಬಿದ್ದಕ್ಕೆ ಸಿಟ್ಟೂ ಬಂತು. ಕೊನೆಯ ಮಾತು ನನಗಾಗಿ ಆಡಿದ್ದಲ್ಲ, ಕಾಣದ ಯಾವುದೋ ಚಪ್ಪರಕ್ಕೆ ಆಡಿದ್ದು ಎಂದು ಒಳಗೊಳಗೇ ಬೆಂದೆ. ನನ್ನ ಮದುವೆಗೆ ಹಂದರ ಹಾಕುವುದು ಬೇಡವೆಂದು ಹಟ ಹಿಡಿದೆ. ಬಯಲಲ್ಲೇ ತಾಳಿ ಕಟ್ಟಿದರು.

ಈ ವರ್ಷ ಬಣ್ಣದ ಮನೆ ಮುಚ್ಚುತ್ತಾರೆಂದು ಸುದ್ದಿಯಾಯಿತು. ಅವ್ವನ ಜೊತೆ ಅಲ್ಲಿ ದುಡಿದ ಹಸೀನಾಬಿ ಇನ್ನೂ ಇದ್ದಾಳೆ, ಕೋಲೂರಿಕೊಂಡು ಓಡಾಡುತ್ತಾಳೆ. ಬಂದು ನೋಡಿ ಹೋಗು ಎಂದು ಹೇಳಿಕಳಿಸಿದಳು. ಚಹಾ ಕುಡಿಯುತ್ತ ಹಳೆಯದನ್ನೆಲ್ಲ ತೆಗೆದಾಗ ನಾನು ಹಂದರದ ಮಾತೆತ್ತಿದೆ. ಅವಳು ಕಪ್ ಕೆಳಗಿಟ್ಟಳು.

"ನಿಮ್ಮವ್ವ ಮದುವಿ ಮಾತು ಆಡಿಲ್ಲ ಬೇ. ಹಂದರ ಅಂದ್ರ ಬೆಳ್ಳಿ ನೀರಾಗ ಕರ್ರಗ ಆಗೋ ಎಳಿ."

ಆಮೇಲೆ ಅವ್ವನಿಂದ ಕೇಳಿದ್ದ ನಿಮ್ಮ ಕಥೆಯನ್ನೆಲ್ಲ ಹೇಳಿದಳು. ಪುಸ್ತಕದ ಹೆಸರುಗಳು ಬಾಯಿಗೆ ಹೊರಳುವುದಿಲ್ಲವೆಂದು ನೀವು ನಿಮ್ಮದೇ ಹೆಸರು ಇಟ್ಟುಕೊಂಡಿದ್ದಿರಂತೆ: ಕೊಲಾಜನ್ನಿಗೆ ಹಗ್ಗ, ಎಲಾಸ್ಟಿಕ್ಕಿಗೆ ಲಾಡಿ. ದೊಡ್ಡ ಡಾಕ್ಟರರ ಎದುರು ಲಾಡಿ ಚೆನ್ನಾಗಿ ಬಂದಿದೆ ಸರ್ ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಿರಂತೆ. ರಿಟಿಕ್ಯುಲಿನ್‌ಗೆ ಮಾತ್ರ ಹಂದರ. ಕೋಶಗಳು ಸತ್ತರೂ ಆ ಸಣ್ಣ ಎಳೆಗಳ ಹಂದರ ನಿಂತಿದ್ದರೆ ಹೊಸ ಕೋಶಗಳು ಅದನ್ನೇ ಹಿಡಿದು ಮತ್ತೆ ಬೆಳೆಯುತ್ತವೆ, ಮನುಷ್ಯ ಉಳಿಯುತ್ತಾನೆ. ಹಂದರ ಕುಸಿದರೆ ಇಲ್ಲ.

ಹಾಗಾದರೆ ಅವ್ವ ಉಳಿಯಬಹುದಿತ್ತೇ? ನಾವೇ ಗಾಡಿಯ ಮಾತು ನಂಬಿ ಕೈ ಚೆಲ್ಲಿದೆವೇ? ಹಸೀನಾಬಿ ಕೋಲೂರಿಕೊಂಡು ಎದ್ದಳು. ಕಪಾಟಿನಿಂದ ಎರಡು ಗಾಜು ತಂದು ಮಸೂರದಡಿ ಇಟ್ಟಳು. ಮೊದಲನೆಯದು ಆರೋಗ್ಯವಂತರದು. ಹಿತ್ತಲಲ್ಲಿ ಅವರೆ ಬಳ್ಳಿಗೆ ಕಟ್ಟುವ ಹಂದರದ ಹಾಗೆಯೇ ಕಪ್ಪು ಎಳೆಗಳು ಉದ್ದಕ್ಕೂ ಅಡ್ಡಕ್ಕೂ ಹಬ್ಬಿದ್ದವು. ನೀವು ಎಷ್ಟು ಸರಿಯಾಗಿ ಹೆಸರಿಟ್ಟಿದ್ದಿರಿ ಅಜ್ಜಿ! ಎರಡನೆಯದು ಅವ್ವನದು. ಅದರಲ್ಲಿ ಎಳೆಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗಿದ್ದವು. ಏನೂ ಗೊತ್ತಿಲ್ಲದ ನನಗೂ ಅದು ಕಂಡಿತು.

ಇದನ್ನು ಅವ್ವ ಸರಿಯಾಗಿ ನೋಡಿದ್ದಳೇ ಎಂದು ಕೇಳಿದೆ. "ನೋಡಿದ್ಲು. ಕೈ ತೊಳಕೊಂಡ್ಲು. ಮನಿಗೆ ಹ್ವಾದ್ಲು," ಎಂದಳು ಹಸೀನಾಬಿ.

ಅವ್ವನ ಬುದ್ಧಿ ಭ್ರಮಿಸಿರಲಿಲ್ಲ ಅಜ್ಜಿ. ಎಲ್ಲ ತಿಳಿದು, ಬಾಗಿಲಲ್ಲಿ ಹಸಿದು ಕೂತಿದ್ದ ಮಗಳಿಗಾಗಿ ಸುಳ್ಳು ಹೇಳಿದಳು. ಆ ಮಾತು ನನ್ನದೇ ಆಗಿತ್ತು. ಅದು ತಿಳಿಯುವಷ್ಟರಲ್ಲಿ ನನ್ನ ತಲೆ ನೆರೆತಿದೆ.

ಈ ಪತ್ರ ಶುರು ಮಾಡಿದ್ದು ನಿಮ್ಮನ್ನು ಒಂದು ಮಾತು ಕೇಳಲಿಕ್ಕೆ. ನಿಂತದ್ದಕ್ಕೆ ಹಂದರ ಎಂದಿರಿ. ಬಿದ್ದದ್ದಕ್ಕೂ ನಿಮ್ಮಲ್ಲಿ ಒಂದು ಹೆಸರು ಇದ್ದಿರಲೇಬೇಕು. ಅದು ನಮ್ಮವರೆಗೆ ಬಂದಿಲ್ಲ, ಹಸೀನಾಬಿಗೂ ಗೊತ್ತಿಲ್ಲ. ಆದರೆ ಬರೆಯುತ್ತ ಬರೆಯುತ್ತ ಮನಸ್ಸು ಬದಲಾಯಿತು. ನಿಮ್ಮ ಮಗಳಿಗೆ ಹಂದರ ಎಂದರೆ ಏನೆಂದು ಬಿಡಿಸಿ ಹೇಳಿ, ಮಸೂರದಡಿ ತೋರಿಸಿ, ಅವಳ ಮಕ್ಕಳಿಗೂ ಹೇಳುವಂತೆ ತಾಕೀತು ಮಾಡಿ. ನನ್ನ ಹಾಗೆ ಯಾರೂ ತಪ್ಪು ತಿಳಿದು ಕೊರಗದಿರಲಿ. ಆ ಇನ್ನೊಂದು ಹೆಸರನ್ನು ಮಾತ್ರ ಕಲಿಸಬೇಡಿ. ಅದು ಅವ್ವನ ಬಾಯಿಗೆ ಬಂದಿದ್ದರೆ ಅಂದು ನಿಜವನ್ನೇ ಹೇಳಿಬಿಡುತ್ತಿದ್ದಳೇನೋ, ಅದು ನನಗೆ ಬೇಡ.

ಅವತ್ತು ನಾನು ಅವಳ ಮಾತು ಕೇಳಲಿಲ್ಲ, ಉಪವಾಸವೇ ಕೂತಿದ್ದೆ. ಇವತ್ತು ಉಂಡಿದ್ದೇನೆ ಅಜ್ಜಿ. ಇನ್ನು ಮಲಗುತ್ತೇನೆ.

ನಿಮ್ಮ
ನೀಲಗಂಗಾ