ಮನೆಯ ಐದನೇ ಮೂಗು

ಫೆಬ್ರವರಿ 4, ಬೆಳಗ್ಗೆ 9.20
ಇನ್‌ಕ್ಯುಬೇಟರಿನಿಂದ ನಲವತ್ತೊಂದು ಪ್ಲೇಟ್ ಹೊರತೆಗೆದೆ. ಹನ್ನೆರಡು ಖಾಲಿ. ಉಳಿದವುಗಳಲ್ಲಿ ಬೆಳೆದದ್ದೆಲ್ಲ ಹಳೇ ಪರಿಚಯದವೇ. ಹತ್ತೊಂಬತ್ತು ವರ್ಷದಿಂದ ಈ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾಗಳ ಮುಖ ನೋಡುತ್ತಿದ್ದೇನೆ, ಮನೆಯವರ ಮುಖಕ್ಕಿಂತ ಹೆಚ್ಚು — ಇವರ ದೂರು. ಹಾಗೇನಿಲ್ಲ. ಸ್ವಲ್ಪ ಹೌದು.

ಇಪ್ಪತ್ತೇಳನೆಯದು ಮಾವನವರ ತೊಡೆಯ ಕುರುವಿನ ಕೀವು. ರಕ್ತ ಬೆರೆಸಿದ ಕೆಂಪು ತಳದ ಮೇಲೆ ಬಂಗಾರ ಬಣ್ಣದ ಗುಂಡು ಚುಕ್ಕಿಗಳು. ಪ್ರತಿಯೊಂದರ ಸುತ್ತ ಕೆಂಪು ಕರಗಿ ತಿಳಿಯಾದ ಬಳೆ. ಮತ್ತೆ ಸ್ಟ್ಯಾಫಿಲೊಕಾಕಸ್, ಕೀವು ತರಿಸುವ ಬ್ಯಾಕ್ಟೀರಿಯಾ. ಲ್ಯಾಬಿನಲ್ಲಿ ನಾವಿಟ್ಟ ಹೆಸರು ಚಿನ್ನಪ್ಪ.

ಅಂದರೆ ಮಂಡಿ ಆಪರೇಷನ್ ಎರಡನೇ ಸಲ ಮುಂದಕ್ಕೆ. ಒಂದು ತಿಂಗಳು ಮೈಮೇಲೆ ಒಂದೂ ಕುರು ಏಳಬಾರದು, ಆಮೇಲೆಯೇ ಮಂಡಿಗೆ ಲೋಹ ಕೂರಿಸುವುದು ಎಂದಿದ್ದಾರೆ ಸರ್ಜನ್. ಚಿನ್ನಪ್ಪ ಲೋಹಕ್ಕೆ ಅಂಟಿಕೊಂಡು ತನ್ನ ಮೇಲೊಂದು ಲೋಳೆಯ ಪದರ ಎಳೆದುಕೊಂಡನೆಂದರೆ ಬಿಳಿ ರಕ್ತಕಣಕ್ಕೂ ದಕ್ಕುವುದಿಲ್ಲ, ಮದ್ದಿಗೂ ಬಗ್ಗುವುದಿಲ್ಲ. ಸರಿಯಾದ ಮಾತೇ. ಆದರೆ ಅದು ನಲವತ್ತು ವರ್ಷ ಹೊಲಿಗೆ ಮಷೀನು ತುಳಿದ ಮಂಡಿ. ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಎಂಟು ತಿಂಗಳಿಂದ ಮಾವ ಬೀದಿಗಿಳಿದಿಲ್ಲ. ಕಿಟಕಿಯಲ್ಲಿ ಕೂತು ದಾರಿಹೋಕರ ಅಂಗಿಗಳಿಗೆ ಅಂಕ ಕೊಡುತ್ತಾರೆ. "ಆ ನೀಲಿ ಅಂಗಿ ನೋಡಮ್ಮ. ತೋಳು ಸೊಟ್ಟ."

ಫೆಬ್ರವರಿ 5, ಸಂಜೆ
ಮನೆಯವರ ಮೂಗಿಗೆಲ್ಲ ಸ್ವಾಬ್ ಕಡ್ಡಿ ಹಾಕಿದೆ. ಚಿನ್ನಪ್ಪನಿಗೆ ಮೂಗಿನ ಹೊಳ್ಳೆಯೆಂದರೆ ತವರುಮನೆ. ಮೂವರಲ್ಲಿ ಒಬ್ಬರ ಮೂಗಿನಲ್ಲಿ ತೆಪ್ಪಗೆ ಕೂತಿರುತ್ತಾನೆ, ಯಾರಿಗೂ ತೊಂದರೆಯಿಲ್ಲ. ಚರ್ಮ ಒಡೆದ ಜಾಗ ಸಿಕ್ಕರೆ ಮಾತ್ರ ಬಾಲ ಬಿಚ್ಚುತ್ತಾನೆ. ಮಗಳು ಏಳು ಸಲ ಸೀನಿದಳು. ಇವರು ಕಣ್ಣು ಮುಚ್ಚಿಕೊಂಡು ಕೂತರು, ಗಲ್ಲಿಗೇರಿಸುತ್ತಿದ್ದಾರೇನೋ ಎಂಬಂತೆ. ಅತ್ತೆ — "ನನ್ನ ಮೂಗಲ್ಲಿ ಏನು ನಿಧಿ ಇದೆ ಅಂತ ಹುಡುಕ್ತೀಯೆ?"

ಫೆಬ್ರವರಿ 7
ನಾಲ್ಕೂ ಮೂಗು ಶುದ್ಧ. ಹಾಗಾದರೆ ಟವೆಲ್ಲೇ! ಬಚ್ಚಲಲ್ಲಿ ಒಂದೇ ಟವೆಲ್, ಎಲ್ಲರೂ ಅದಕ್ಕೇ ಕೈ ಒರೆಸುವುದು. ಅತ್ತೆಗೆ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ.

"ಐವತ್ತು ವರ್ಷದಿಂದ ಬಟ್ಟೆ ಒಗೀತಿದ್ದೀನಿ. ಕೊಳೆ ಅಂತ ಒಬ್ರೂ ಅಂದಿರಲಿಲ್ಲ" ಎಂದರು.

ಊಟಕ್ಕೆ ಬಡಿಸಿದರು. ಕರೆಯಲಿಲ್ಲ.

ಫೆಬ್ರವರಿ 12, ಸಂಜೆ 6.30
ಮಾವನವರ ಡ್ರೆಸ್ಸಿಂಗ್. ಮೂರು ತಿಂಗಳಿಂದ ನನ್ನದೇ ಕೆಲಸ, ಬೇರೆಯವರನ್ನು ನಾನು ಹತ್ತಿರ ಬಿಡುವುದಿಲ್ಲ.

"ಈ ಹಳದಿ ಏನಮ್ಮ?"

"ನಿಮ್ಮ ಬಿಳಿ ಕಣಗಳೇ, ಮಾವ. ಬ್ಯಾಕ್ಟೀರಿಯಾನ ನುಂಗಕ್ಕೆ ಬಂದು ಸತ್ತೋದವು."

"ಅಷ್ಟು ಜನ ಬಂದ್ರೂ ಆಗಲಿಲ್ವಾ?"

ಹೇಳಿದೆ. ಅವನ ಬಂಗಾರದ ಬಣ್ಣ ಚಂದಕ್ಕಲ್ಲ. ಬಿಳಿ ಕಣ ಎರಚುವ ಸುಡುರಸಕ್ಕೆ ಅದು ತಡೆ. ಹಿಡಿಯಲು ಬಂದ ಪ್ರತಿಕಾಯವನ್ನು ಬಾಲದ ಕಡೆಯಿಂದ ಹಿಡಿದುಕೊಂಡು ಕೆಲಸಕ್ಕೆ ಬಾರದಂತೆ ಮಾಡುತ್ತಾನೆ. ಸಾಲದ್ದಕ್ಕೆ ನಮ್ಮದೇ ರಕ್ತದ ಸಾರ ಹೆಪ್ಪುಗಟ್ಟಿಸಿ ಮೈಗೆ ಸುತ್ತಿಕೊಳ್ಳುತ್ತಾನೆ, ಗುರುತು ಸಿಗದ ಹಾಗೆ.

"ಬಟ್ಟೆ ನಮ್ದು, ಅಂಗಿ ಅವನಿಗೆ!" ಮಾವ ತಲೆದೂಗಿದರು. "ಕಸುಬುದಾರ ಬಿಡು." ಆಮೇಲೆ — "ಅಲ್ಲಮ್ಮ, ಮನೇಲಿ ಐದು ಜನ. ಅವತ್ತು ನಾಲ್ಕೇ ಕಡ್ಡಿ ಯಾಕೆ ತಂದೆ?"

ನಕ್ಕೆ. "ನಾನು ಲ್ಯಾಬಿನವಳು, ಮಾವ."

"ಟೈಲರ್ ಮೈಗೂ ಅಳತೆ ಇರುತ್ತಲ್ಲಮ್ಮ."

ಬ್ಯಾಂಡೇಜ್ ಸುತ್ತಿ ಎದ್ದೆ.

ಫೆಬ್ರವರಿ 13
ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋಗಿ ನನ್ನ ಮೂಗಿಗೆ ಕಡ್ಡಿ ಹಾಕಿಕೊಂಡೆ. ಪ್ಲೇಟಿನ ಮೇಲೆ ಹೆಸರು ಬರೆಯಲಿಲ್ಲ. ಬರೀ 5.

ಫೆಬ್ರವರಿ 14, ಬೆಳಗ್ಗೆ 10.30
ಬಂಗಾರ.

ಪ್ಲೇಟ್ ತುಂಬ. ಒಂದು ಚುಕ್ಕಿ ತೆಗೆದು ಪ್ಲಾಸ್ಮಾ ಟ್ಯೂಬಿಗೆ ಬೆರೆಸಿಟ್ಟೆ. ಒಂದು ಗಂಟೆಗೆಲ್ಲ ಹೆಪ್ಪುಗಟ್ಟಿತು, ಟ್ಯೂಬ್ ಓರೆ ಮಾಡಿದರೂ ಜಾರಲಿಲ್ಲ. ಚಿನ್ನಪ್ಪನೇ, ಅನುಮಾನಕ್ಕೆ ಜಾಗವೇ ಇಲ್ಲ.

ಫೆಬ್ರವರಿ 15, ಮಧ್ಯಾಹ್ನ
ಯಾವ ಮದ್ದಿಗೆ ಎಷ್ಟು ಸಾಯುತ್ತಾನೆಂದು ನೋಡಲು ಪ್ಲೇಟಿನ ಮೇಲಿಟ್ಟ ಮದ್ದಿನ ಬಿಲ್ಲೆಗಳ ಸುತ್ತ ಬಿದ್ದ ಖಾಲಿ ವೃತ್ತಗಳನ್ನು ಅಳೆದೆ. ಮಾವನವರದೂ ನನ್ನದೂ ಒಂದೇ ಥರ. ಒಂದೇ ತಳಿ ಎಂದು ಆಣೆ ಮಾಡಲು ಇನ್ನೂ ದೊಡ್ಡ ಪರೀಕ್ಷೆ ಬೇಕು... ಬೇಡ. ದಾರಿ ಗೊತ್ತಾಗಿದೆ. ಡ್ರೆಸ್ಸಿಂಗ್ ಮಾಡುವಾಗ ಬಗ್ಗುತ್ತೇನೆ, ಕನ್ನಡಕ ಜಾರುತ್ತದೆ. ಗ್ಲೌಸ್ ಹಾಕಿದ ಬೆರಳಲ್ಲೇ ಮೂಗಿನ ಮೇಲೆ ದೂಡಿ ಅದೇ ಬೆರಳು ಗಾಯಕ್ಕೆ. ಮೂರು ತಿಂಗಳು, ದಿನಾ. ಲ್ಯಾಬಿನಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಜನ್ಮ ಜಾಲಾಡುತ್ತಿದ್ದೆ.

ಲ್ಯಾಬಿನ ಡಾಕ್ಟರಿಗೆ ಹೇಳಿದೆ. ಬೈಯಲಿಲ್ಲ. ಮೂಗಿಗೆ ಮುಲಾಮು, ಸ್ನಾನಕ್ಕೆ ಔಷಧಿ ಸೋಪು ಬರೆದುಕೊಟ್ಟರು. "ಡ್ರೆಸ್ಸಿಂಗ್ ಇನ್ನು ನೀವು ಮಾಡ್ಬೇಡಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅದೇ ದಿನ, ಸಂಜೆ 7
ಎಲ್ಲರನ್ನೂ ಕೂರಿಸಿ ಹೇಳಿಬಿಟ್ಟೆ. ನನ್ನಿಂದಲೇ ಆಪರೇಷನ್ ಮತ್ತೆ ತಪ್ಪಿತು, ಮಾವ — ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

ಮಾವ ಕಿಟಕಿಯಿಂದ ನನ್ನ ಕಡೆ ತಿರುಗಿದರು. "ಸದ್ಯ, ಸಿಕ್ಕಿದನಲ್ಲ. ಸಿಗದೇ ಇದ್ದಿದ್ರೆ ನಾನು ಹೀಗೇ ಕೂತಿರಬೇಕಾಗಿತ್ತು" ಎಂದರು.

ಅತ್ತೆ ಎದ್ದು ಬಚ್ಚಲಿಗೆ ಹೋಗಿ ಟವೆಲ್ ತಂದು ನನ್ನ ಮುಂದೆ ಹಿಡಿದರು. "ಕ್ಷಮೆ ಕೇಳು."

"ನಿಮ್ಮನ್ನಾ?"

"ನನ್ನನ್ನ್ಯಾಕೆ? ಇದನ್ನ."

ಕೇಳಿದೆ. ಟವೆಲ್ಲಿಗೆ ಕೈ ಮುಗಿದು. ಮಗಳು ನೆಲಕ್ಕೆ ಬಿದ್ದು ನಕ್ಕಳು. ಅತ್ತೆ ನಕ್ಕರೋ ಅತ್ತರೋ, ಅದೇ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡರು. ಮನಸ್ಸು ಎಷ್ಟು ಹಗುರ!

ಮಾರ್ಚ್ 2
ನನ್ನ ಮೂಗು ಎರಡು ಸಲವೂ ಶುದ್ಧ. ಡ್ರೆಸ್ಸಿಂಗ್ ಅಧಿಕಾರ ಅತ್ತೆಯ ಕೈಯಲ್ಲಿತ್ತು, ಈಗ ಗಾಯವೇ ಒಣಗಿದೆ. ಆದರೂ ಮಾಸ್ಕ್ ಹಾಕಿಕೊಂಡು ದಿನಾ ತಪಾಸಣೆ. ನಾನು ಇಣುಕಿದರೆ, "ಮೂಗು ಆ ಕಡೆ!"

ಮಾರ್ಚ್ 24, ಬೆಳಗ್ಗೆ 11, ಆಸ್ಪತ್ರೆಯ ಬೆಂಚು
ಐದು ವಾರ. ಒಂದೇ ಒಂದು ಗುಳ್ಳೆ ಇಲ್ಲ. ಮಾವನವರನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗಿ ಎರಡು ಗಂಟೆಯಾಯಿತು. ಇವರು ಕಾಫಿ ತಂದರು, ಇಬ್ಬರೂ ಕುಡಿಯಲಿಲ್ಲ.

ಏಪ್ರಿಲ್ 5
ಮಾವ ಮನೆಗೆ ಬಂದರು. ಮೂವರು ಸೇರಿ ಕುರ್ಚಿಯಲ್ಲಿ ಕೂರಿಸಿ ಮೇಲೆ ತಂದರು. ಗಾಯ ಒಣ, ಕೀವಿನ ಸುಳಿವಿಲ್ಲ. ಮಾವ ಕನ್ನಡಕ ಹಾಕಿಕೊಂಡು ಮಂಡಿಯನ್ನೇ ನೋಡಿದರು. "ಸರ್ಜನ್ ಕೈ ಪರವಾಗಿಲ್ಲ. ಕೊನೇ ಎರಡು ಹೊಲಿಗೆ ಮಾತ್ರ ಆತುರದ್ದು."

ಮೇ 3, ಬೆಳಗ್ಗೆ 7.40
ಇವತ್ತು ಮೆಟ್ಟಿಲು. ವ್ಯಾಯಾಮ ಕಲಿಸುವವರು ಒಂಬತ್ತಕ್ಕೆ ಬರುತ್ತಾರೆ, ಅಲ್ಲಿಯವರೆಗೆ ಹೊಸ್ತಿಲು ದಾಟಬಾರದು ಎಂದು ಎರಡೆರಡು ಸಲ ಹೇಳಿದ್ದೇನೆ. ಮಾವ ಐದಕ್ಕೇ ಎದ್ದು ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದಾರೆ. ನನಗೂ ರಜೆ. ಖುಷಿಯಾಗಿದೆ, ಸುಮ್ಮನೆ ಬರೆಯುತ್ತ —

ಚಿಲಕದ ಸದ್ದು. ಅತ್ತೆಯ ದನಿ, ಮೆಟ್ಟಿಲ ಕಡೆಯಿಂದ. "ಒಂದೊಂದೇ ರೀ, ಒಂದೊಂದೇ!" ಇಬ್ಬರೂ ಸೇರಿ ನನಗೆ ಹೇಳದೆ... ಮಾವ ಎಣಿಸುತ್ತಿದ್ದಾರೆ. ಆರು. ಏಳು. ಅಯ್ಯೋ, ಮೊದಲ ತಿರುವೇ ದಾಟಿಬಿಟ್ಟರು, ನಾನೂ ಓಡಬೇಕು —