ಮುಂದೆ ಕೂತವರ ಭಾರ

ಹುಬ್ಬಳ್ಳಿ
ಶಾಲಿವಾಹನ ಶಕೆ ೨೧೦೯, ಸರ್ವಜಿತು ಸಂವತ್ಸರ, ಆಶ್ವೀಜ ಶುದ್ಧ ಅಷ್ಟಮಿ
(ನಿಮ್ಮ ಎಣಿಕೆಯಲ್ಲಿ ಎರಡು ಸಾವಿರದ ನೂರ ಎಂಬತ್ತೇಳನೆಯ ಇಸವಿ)

ಕಾರಿಗೆ ಪೂಜೆ ಮಾಡುವ ನನ್ನ ಹಿರಿಯರಿಗೆ,

ಪಾರ್ವತೆವ್ವ ಬಣಕಾರಳ ನಮಸ್ಕಾರಗಳು. ಮೇಲಿನ ತಾರೀಖು ನೋಡಿ ಇದು ಯಾರೋ ತಲೆಕೆಟ್ಟವರ ಬರಹ ಎಂದು ಮಡಿಚಿಡಬೇಡಿ. ನಿಮ್ಮ ಮರಿಮಕ್ಕಳ ಮರಿಮಕ್ಕಳ ಪೈಕಿ ನಾನೊಬ್ಬಳು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತಿದ್ದೇನೆ; ಎಲ್ಲಿಯಾದರೂ ಮಾತು ಒಡ್ಡೊಡ್ಡಾಗಿದ್ದರೆ, ಗೊತ್ತಿಲ್ಲದ ಪದ ನುಸುಳಿದ್ದರೆ ಮನ್ನಿಸಿ. ಈ ಕಾಗದ ನಿಮಗೆ ತಲುಪುವುದು ಕಾಲದಂಚೆಯಲ್ಲಿ. ಹಾಳೆಯಷ್ಟು ಹಗುರವಾದುದನ್ನು ಮಾತ್ರ ಅದು ಹಿಂದಿನ ಕಾಲಕ್ಕೆ ಒಯ್ಯುತ್ತದೆ. ಯಾರ ಕೈಗೆ ಕೊಡುತ್ತದೆ ಎಂದು ಹೇಳುವವರಿಲ್ಲ, ಉತ್ತರವಂತೂ ಬರುವುದಿಲ್ಲ. ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ ಈ ಅವಕಾಶ. ಹೆಚ್ಚಿನವರು ಮುತ್ತಜ್ಜನಿಗೆ ಆ ಹೊಲ ಮಾರಬೇಡ ಎಂದು ಬರೆದು ಅದನ್ನು ಹಾಳು ಮಾಡಿಕೊಳ್ಳುತ್ತಾರೆ. ನಾನು ಕಾರಿನ ಸೀಟಿನ ಬಗ್ಗೆ ಬರೆಯುತ್ತಿದ್ದೇನೆ. ನಗಬೇಡಿ.

ನಮ್ಮ ಊರುಗಳನ್ನು ಕಂಡರೆ ನಿಮಗೆ ಗುರುತು ಸಿಗಲಿಕ್ಕಿಲ್ಲ. ಬಿಸಿಲು ಏರಿದ ಮೇಲೆ ಹೊರಗೆ ಕಾಲಿಡುವಂತಿಲ್ಲ. ಮದುವೆ, ಸಂತೆ, ಶಾಲೆ ಎಲ್ಲವೂ ಬೆಳಗಿನ ತಂಪಿನಲ್ಲೇ ಮುಗಿಯಬೇಕು. ಹುಬ್ಬಳ್ಳಿಯಿಂದ ರಾಣೇಬೆನ್ನೂರಿಗೆ ಹೋಗುವ ಹೆದ್ದಾರಿಗೆ ಉದ್ದಕ್ಕೂ ನೆರಳಿನ ಚಪ್ಪರ ಹಾಕಿದ್ದಾರೆ. ಅದರ ಎರಡೂ ಬದಿಗೆ ಪರದೆ ಕಟ್ಟಿ ಬ್ಯಾಡಗಿ ಮೆಣಸಿನಕಾಯಿ ಬೆಳೆಯುತ್ತಾರೆ. ಓಡಾಡುವುದು ಸಾಲುಬಂಡಿಗಳಲ್ಲಿ, ಅಂದರೆ ಚಾಲಕರಿಲ್ಲದೆ, ಇರುವೆಗಳಂತೆ ಒಂದರ ಹಿಂದೊಂದು ಅಂಟಿಕೊಂಡು ಹೋಗುವ ಕಾರುಗಳಲ್ಲಿ. ನಿಂತರೆ, ಹೊರಟರೆ, ತಿರುಗಿದರೆ ಮುಂದಿನ ಬಂಡಿ ಹಿಂದಿನದಕ್ಕೆ ಸುದ್ದಿ ಮುಟ್ಟಿಸುತ್ತದೆ. ಅದನ್ನು ನಾವು ಪಿಸುಮಾತು ಎನ್ನುತ್ತೇವೆ. ಪಿಸುಮಾತು ಇರುವಾಗ ಹಿಂದಿನಿಂದ ಬಂದು ಗುದ್ದುವವರು ಯಾರು ಎಂದು ನಮ್ಮ ತಂದೆ ತಾಯಿ ನಂಬಿದ್ದರು. ನಾನೂ ನಂಬಿದ್ದೆ.

ಆ ನಂಬಿಕೆಯಿಂದ ಸೀಟುಗಳು ಸೊರಗಿದವು. ಬಂಡಿ ಹಗುರವಾದಷ್ಟೂ ದೂರ ಓಡುತ್ತದೆ ಎಂದು ಬಂಡಿ ಮಾಡುವವರು ಸೀಟಿನ ಬೆನ್ನಿನಲ್ಲಿದ್ದ ಉಕ್ಕನ್ನು ಕಳಚಿ ನೂಲಿನ ಜಾಲರಿ ಕೊಟ್ಟರು. ಬುಡದಲ್ಲಿ ಒಂದು ಸಣ್ಣ ಕೀಲು, ಅಷ್ಟೆ. ನಿಯಮ ಇರಲಿಲ್ಲವೆಂದಲ್ಲ. ಸೀಟಿನ ಬೆನ್ನು ಎಷ್ಟು ಭಾರ ತಾಳಬೇಕು ಎಂಬ ನಿಯಮವನ್ನು ನಿಮ್ಮ ಕಾಲದಲ್ಲೇ ಯಾರೋ ಬರೆದಿಟ್ಟಿದ್ದರಂತೆ. ಬೆನ್ನನ್ನು ನಿಧಾನವಾಗಿ ಹಿಂದಕ್ಕೆ ಎಳೆದು ನೋಡುವುದು, ಮುರಿಯದಿದ್ದರೆ ಪಾಸು. ಅಪಘಾತ ಅಷ್ಟು ನಿಧಾನವಾಗಿ, ಮೈ ಸವರಿದಂತೆ ಬರುತ್ತದೆಯೇ ಎಂದು ನಿಮ್ಮವರು ಕೇಳಲಿಲ್ಲ, ನಿಮ್ಮ ಮಕ್ಕಳು ಕೇಳಲಿಲ್ಲ. ನಿಮ್ಮಿಂದ ಅವರು, ಅವರಿಂದ ನಾವು ಆ ನಿಯಮವನ್ನು ಹಾಗೆಯೇ ಇಳಿಸಿಕೊಂಡು ಬಂದೆವು.

ಇನ್ನು ನಮ್ಮ ಮನೆಯ ಮಾತು, ಬಹಳ ವರ್ಷಗಳ ಹಿಂದಿನದು. ನನ್ನ ಮಗಳು ಮುಕ್ತಾಗೆ ಆಗ ಆರು ವರ್ಷ. ರಾಣೇಬೆನ್ನೂರಿನಲ್ಲಿ ನನ್ನ ತಮ್ಮನ ನಿಶ್ಚಿತಾರ್ಥ. ಹೊರಟವರು ನಾಲ್ಕೇ ಜನ: ಅಪ್ಪ, ಅವ್ವ, ನಾನು, ಮುಕ್ತಾ. ಅಪ್ಪ ಶಿವರುದ್ರಪ್ಪ ವಯಸ್ಸಿನಲ್ಲಿ ಗರಡಿಯಲ್ಲಿ ಮಣ್ಣು ಹೊತ್ತವನು, ಬಾಗಿಲಲ್ಲಿ ನಿಂತರೆ ಬೆಳಕು ಬರುತ್ತಿರಲಿಲ್ಲ. ಅವನಿಗೆ ಮೊಮ್ಮಗಳ ಪಕ್ಕ ಹಿಂದೆ ಕೂರುವ ಆಸೆ. ಅವ್ವ ಬಿಡಲಿಲ್ಲ. "ದೊಡ್ಡಾವ್ರು ಹಿಂದ ಕುಂತ್ರ ಬೀಗರು ಏನಂದಾರು? ಮುಂದ ಬರ್ರಿ. ಸಣ್ಣಕಿ ನಿಮ್ಮ ಹಿಂದ ಹಿಡಸ್ತಾಳ" ಎಂದಳು. ಅಪ್ಪ, ಅವ್ವ ಇಬ್ಬರೂ ಮುಂದೆ, ಅವ್ವನ ಹಿಂದೆ ನಾನು. ಅಪ್ಪ ಕಾಲು ಚಾಚಲು ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದ. ಉಳಿದ ಸಂದಿಯಲ್ಲಿ ಆರು ವರ್ಷದ ಕಾಲುಗಳಿಗೆ ಮಾತ್ರ ಜಾಗವಿತ್ತು.

ಈ ಏರ್ಪಾಡು ನಿಮ್ಮಿಂದಲೇ ಬಂದದ್ದು ಎಂದು ಹಳೆಯ ಫೋಟೋಗಳಲ್ಲಿ ಕಂಡಿದ್ದೇನೆ. ಮುಂದಿನ ಸೀಟು ಮರ್ಯಾದೆಯ ಸೀಟು. ಮಾವನಿಗೆ, ಬೀಗರಿಗೆ, ಮನೆಯ ದೊಡ್ಡ ಗಂಡಸಿಗೆ ಅದು. ಅವರ ಹಿಂದಿನ ಇಕ್ಕಟ್ಟು ಮನೆಯ ಅತಿ ಸಣ್ಣ ಜೀವಕ್ಕೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಆದರೆ ಮನೆಯಲ್ಲೇ ಹೆಚ್ಚು ತೂಕದ ಮೈಯನ್ನು ಮನೆಯಲ್ಲೇ ಕಡಿಮೆ ತೂಕದ ಮೈಯ ಮುಂದೆ ಇಟ್ಟು, ನಡುವೆ ಒಂದು ಸೋತ ಕೀಲನ್ನು ಕಾವಲಿಗೆ ನಿಲ್ಲಿಸುವುದನ್ನು ನಾವು ಸಂಸ್ಕಾರ ಎಂದುಕೊಂಡಿದ್ದೆವು.

ದಾರಿಯುದ್ದಕ್ಕೂ ಅಜ್ಜ ಮೊಮ್ಮಗಳು ಆಟವಾಡುತ್ತಿದ್ದರು. ಮುಕ್ತಾ ಸೀಟಿನ ಬೆನ್ನ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದು, ಅಜ್ಜ ತಿರುಗಿ ನೋಡದೆ ಅದು ಯಾವುದೆಂದು ಹೇಳುವುದು. ತಪ್ಪು ಹೇಳಿದರೆ ಅವಳಿಗೆ ಒಂದು ಕರದಂಟು. ಅಪ್ಪ ಬೇಕೆಂದೇ ತಪ್ಪು ಹೇಳುತ್ತಿದ್ದ. ಸೀಟಿನ ಆಚೆಯಿಂದ ಮಗುವಿನ ಬೆರಳು ಬೆನ್ನಿಗೆ ತಿಳಿಯುತ್ತದೆ ಎಂದರೆ ಆ ಸೀಟು ಎಷ್ಟು ತೆಳುವಾಗಿತ್ತು ಎಂದು ನೀವೇ ಲೆಕ್ಕ ಹಾಕಿ. ನನಗೆ ಅಂದು ಆ ಲೆಕ್ಕ ಹೊಳೆಯಲಿಲ್ಲ. ನಾನು ನಗುತ್ತಾ ಕೂತಿದ್ದೆ.

ಮೋಟೆಬೆನ್ನೂರು ದಾಟಿದ ಮೇಲೆ ಒಂದು ಕೃಷ್ಣಮೃಗ ರಸ್ತೆಗೆ ಅಡ್ಡ ಬಂತು. ಸಾಲು ನಿಂತಿತು, ನಮ್ಮ ಬಂಡಿಯೂ ನಿಂತಿತು. ನಮ್ಮ ಹಿಂದೆ ಮೆಣಸಿನಕಾಯಿ ಚೀಲ ಹೇರಿದ ಹೊರೆಬಂಡಿ ಇತ್ತು. ಅದಕ್ಕೆ ಪಿಸುಮಾತು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ಇವತ್ತಿಗೂ ಯಾರೂ ಹೇಳಿಲ್ಲ. ಅದು ಬಂದು ಗುದ್ದಿತು.

ದೊಡ್ಡ ಅಪಘಾತವೇನಲ್ಲ. ಹಿಂದಿನ ಗಾಜು ಬಿರುಕು ಬಿಟ್ಟಿತ್ತು, ಬಾಗಿಲುಗಳು ಎಂದಿನಂತೆ ತೆರೆದವು, ಬೀಗರಿಗೆಂದು ಒಯ್ಯುತ್ತಿದ್ದ ಹೋಳಿಗೆಯ ಡಬ್ಬಿ ನನ್ನ ಪಕ್ಕದಲ್ಲಿ ನೆಟ್ಟಗೇ ಕೂತಿತ್ತು. ಮೆಣಸಿನಪುಡಿ ಗಾಳಿಯಲ್ಲಿ ತುಂಬಿ ಇಡೀ ಸಾಲೇ ಸೀನುತ್ತಿತ್ತು. ಅವ್ವ ಹಗುರ ಹೆಂಗಸು, ಅವಳ ಸೀಟು ಅರ್ಧ ಬಾಗಿ ನಿಂತು ನನ್ನ ಮಂಡಿ ಮುರಿಯಿತು. ಅಪ್ಪನ ಸೀಟು ಮಂಚದಂತೆ ಹಾಸಿಕೊಂಡಿತ್ತು. ಅವನು ಅದರ ಮೇಲೆ ಅಂಗಾತ ಬಿದ್ದಿದ್ದ. ಅವನಿಗೆ ಒಂದು ತರಚು ಗಾಯವೂ ಆಗಿರಲಿಲ್ಲ. "ಮುಕ್ತಾ, ಎಲ್ಲದಿ" ಎಂದು ಸೂರು ನೋಡುತ್ತಾ ಕೇಳುತ್ತಿದ್ದ. ಅವಳು ಅವನ ಕೆಳಗೆ ಇದ್ದಳು.

ಮುಂದಿನದನ್ನು ಬರೆಯಲಾರೆ. ಹೇಗಾಯಿತು ಎಂಬುದನ್ನಷ್ಟೇ ಹೇಳುತ್ತೇನೆ, ನಿಮಗೆ ಬೇಕಾದದ್ದು ಅದು. ಎದುರಿನಿಂದ ಪೆಟ್ಟು ಬಿದ್ದರೆ ಮೈ ಮುಂದಕ್ಕೆ ಹಾರುತ್ತದೆ. ಬೆಲ್ಟ್ ಹಿಡಿಯುತ್ತದೆ, ನಿಮ್ಮ ಕಾರುಗಳಲ್ಲಾದರೆ ಏರ್‌ಬ್ಯಾಗ್ ತಡೆಯುತ್ತದೆ. ಹಿಂದಿನಿಂದ ಪೆಟ್ಟು ಬಿದ್ದರೆ ಬಂಡಿ ಮುಂದಕ್ಕೆ ಚಿಮ್ಮುತ್ತದೆ, ಒಳಗಿನ ಮೈ ಇದ್ದಲ್ಲೇ ಉಳಿಯಲು ನೋಡುತ್ತದೆ. ಆ ಮೈಯನ್ನು ಜೊತೆಗೆ ಒಯ್ಯುವುದು ಸೀಟಿನ ಬೆನ್ನು ಒಂದೇ. ಅದು ಸೋತರೆ ಬೆಲ್ಟ್ ಕಟ್ಟಿದ್ದರೂ ಮೈ ಹಿಂದಕ್ಕೆ ಜಾರುತ್ತದೆ. ಮಗುವನ್ನು ಹಿಂದೆ ಕೂರಿಸಿ, ಅದೇ ಕ್ಷೇಮ ಎಂದು ನಿಮಗೆ ಹೇಳುತ್ತಾರಲ್ಲ, ಆ ಮಾತು ಸರಿಯೇ. ಮುಂದಿನ ಸೀಟು ನಿಂತಿದ್ದರೆ ಮಾತ್ರ ಸರಿ.

ಆಮೇಲೆ ಅಪ್ಪ ಬಹಳ ವರ್ಷ ಬದುಕಿದ. ಅದೇ ಅವನಿಗೆ ಆದ ಶಿಕ್ಷೆ. ಅಂದಿನಿಂದ ಅವನು ಯಾವುದಕ್ಕೂ ಒರಗಲಿಲ್ಲ. ಕುರ್ಚಿಯಲ್ಲಿ ಕೂತರೆ ಅಂಚಿನಲ್ಲಿ, ನೆಟ್ಟಗೆ. ಪಂಕ್ತಿಯಲ್ಲಿ ಊಟಕ್ಕೆ ಕರೆದರೆ ಹಿಂದೆ ಗೋಡೆ ಇರುವ ಜಾಗ ಹುಡುಕುತ್ತಿದ್ದ, ಆ ಗೋಡೆಯನ್ನೂ ಮುಟ್ಟುತ್ತಿರಲಿಲ್ಲ. ಮಲಗುವಾಗ ಬೋರಲು. ಅವ್ವ ತನ್ನ ಮಾತನ್ನು ನೆನೆದು ಅಳುವಾಗ ಅವಳನ್ನು ಸಮಾಧಾನ ಮಾಡುತ್ತಿದ್ದವನೂ ಅವನೇ. ಒಮ್ಮೆ ಮಾತ್ರ ನನ್ನ ಬಳಿ ಬಂದು, "ಪಾರೂ, ಕಡೀ ಅಕ್ಷರ ಅರ್ಧಾ ಬರದಿದ್ಳವಾ, ನನಗ ತಿಳೀಲಿಲ್ಲ" ಎಂದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ, ಆದರೆ ಅವನ ಬೆನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ರಸ್ತೆಸಭೆಯ ಮುಂದೆ ಎಷ್ಟೋ ಸಲ ಹೋಗಿ ನಿಂತಿದ್ದೇನೆ. ಬಂಡಿಗಳ ನಿಯಮ ಮಾಡುವುದು ಆ ಸಭೆ. ಹಿಂದಿನಿಂದ ಗುದ್ದುವುದು ಅಪರೂಪ, ಸೀಟು ಗಟ್ಟಿ ಮಾಡಿದರೆ ತೂಕ ಏರುತ್ತದೆ ಎನ್ನುತ್ತಾರೆ. ಕೊನೆಗೆ ಒಬ್ಬರು, ಪಾಪ, ಮೆತ್ತಗಿನ ಮನುಷ್ಯ, ನೀರು ತರಿಸಿ ಕೊಟ್ಟು, "ಅಕ್ಕಾರ, ಈ ನಿಯಮ ನಮ್ಮ ಹಿರ್ಯಾರ ಕಾಲದಿಂದ ಬಂದದ್ದರೀ. ಅವರೇನು ನೋಡಲಾರದ ಮಾಡಿದ್ರೇನು?" ಎಂದರು. ಆ ಹಿರಿಯರು ಎಂದರೆ ನೀವು. ಅಂದೇ ನಾನು ಸಭೆಯ ಮೆಟ್ಟಿಲಿಳಿದು ಕಾಲದಂಚೆಯ ಸಾಲಿನಲ್ಲಿ ಹೆಸರು ಬರೆಸಿದೆ.

ನಾಳೆ ಆಯುಧಪೂಜೆ. ಗಾಲಿಗೆ ನಿಂಬೆಹಣ್ಣು ಇಡುವುದನ್ನು ನಾವು ಇನ್ನೂ ಬಿಟ್ಟಿಲ್ಲ. ನಿಮ್ಮಂತೆಯೇ ಬಂಡಿಯ ಮೂತಿಗೆ ಹೂವಿನ ಹಾರ, ಕುಂಕುಮ, ಎಲ್ಲ ಕೇಡೂ ಎದುರಿನಿಂದಲೇ ಬರುತ್ತದೆ ಎಂಬಂತೆ. ನೀವು ಹಿಂದಿನ ಗಾಜಿನ ಮೇಲೆ ಮಕ್ಕಳ ಹೆಸರು ಅಂಟಿಸುತ್ತಿದ್ದಿರಂತೆ. ಆ ಹೆಸರಿನ ಮಗು ಯಾರ ಬೆನ್ನ ಹಿಂದೆ ಕೂರುತ್ತದೆ, ಆ ಬೆನ್ನನ್ನು ಹಿಡಿದಿರುವುದು ಏನು ಎಂದು ಕೇಳಿದ್ದರೆ ಸಾಕಿತ್ತು. ನಮ್ಮ ಮನೆಯಲ್ಲಿ ಮಾತ್ರ ಕುಂಕುಮ ಇಡುವುದು ಮುಂದಿನ ಸೀಟಿನ ಬೆನ್ನಿಗೆ. ಇಟ್ಟ ಮೇಲೆ ಎರಡೂ ಕೈಯಿಂದ ಅದನ್ನು ಜಗ್ಗಿ ನೋಡುತ್ತೇನೆ. ಓಣಿಯವರು ಮುದುಕಿಗೆ ಹುಚ್ಚು ಎನ್ನುತ್ತಾರೆ. ಅನ್ನಲಿ.

ನನ್ನ ಬೇಡಿಕೆ ಇಷ್ಟೆ. ನಿಮ್ಮ ಕೈಯಲ್ಲಿ ಆ ನಿಯಮ ಇನ್ನೂ ಹಸಿಯಾಗಿದೆ, ತಿದ್ದಿಸಿ. ಕಾರು ಕೊಳ್ಳುವಾಗ ಬಣ್ಣ ಕೇಳುತ್ತೀರಿ, ಹಾಡಿನ ಪೆಟ್ಟಿಗೆ ಕೇಳುತ್ತೀರಿ. ಹಿಂದಿನಿಂದ ಗುದ್ದಿದರೆ ಈ ಸೀಟು ನಿಲ್ಲುತ್ತದೆಯೇ ಎಂದೂ ಕೇಳಿ. ಉತ್ತರ ಗೊತ್ತಿಲ್ಲದೆ ಅವರು ತಡವರಿಸಲಿ. ಅಲ್ಲಿಯವರೆಗೆ, ಯಾರು ಮುಂದೆ ಕೂರಬೇಕು ಎಂದು ಮರ್ಯಾದೆ ನೋಡಿ ತೀರ್ಮಾನಿಸುವ ಮುಂಚೆ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿ.

ನೀವು ಇದನ್ನು ಮಾಡಿದರೂ ನನಗೆ ತಿಳಿಯುವುದಿಲ್ಲ. ಈ ಪತ್ರ ಬರೆಯುವ ಕಾರಣವೇ ಇರುವುದಿಲ್ಲ, ನಿಮ್ಮ ಉಪಕಾರ ನೆನೆಯುವವರೂ ಇರುವುದಿಲ್ಲ. ಹುಬ್ಬಳ್ಳಿಯ ಒಂದು ಓಣಿಯಲ್ಲಿ ಮುಕ್ತಾ ಎಂಬ ನಡುವಯಸ್ಸಿನ ಹೆಂಗಸು ನಾಳೆಯ ಪೂಜೆಗೆ ಬಂಡಿ ತೊಳೆಯುತ್ತಾ, ಅಡ್ಡಡ್ಡ ಬರುವ ಮುದುಕಿ ತಾಯಿಯನ್ನು ಬೈಯುತ್ತಿರುತ್ತಾಳೆ. ತನಗೆ ಯಾವ ದುಃಖ ತಪ್ಪಿತು ಎಂಬುದು ಆ ಮುದುಕಿಗೆ ಗೊತ್ತೇ ಇರುವುದಿಲ್ಲ. ಮಗಳ ಬೈಗುಳಕ್ಕೆ ಮುಖ ಊದಿಸಿಕೊಂಡು ಒಳಗೆ ಹೋಗುತ್ತಾಳೆ.

ನನ್ನನ್ನು ಆ ಮುದುಕಿಯಾಗಲು ಬಿಡಿ.

ನಿಮ್ಮವಳು,
ಪಾರ್ವತೆವ್ವ ಶಿವರುದ್ರಪ್ಪ ಬಣಕಾರ